ಪಂಚರ ಸಹಿ

ಮೊದಲ ಶಾಟ್‌ನಲ್ಲಿ ಎರ್ರಿಸ್ವಾಮಿ ಇಲ್ಲ.
ಠಾಣೆಯ ಮುಂದಿನ ಬೇವಿನಮರ, ಬುಡಕ್ಕೆ ಒರಗಿಸಿದ ಸೈಕಲ್ಲು,
ಹ್ಯಾಂಡಲಿಗೆ ತೂಗುವ ವಗ್ಗಾಣಿಯ ಪೊಟ್ಟಣ.
ಸೋಮವಾರ. ಒಳಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದಾನೆ,
ಮೂವತ್ತನೆಯ ಸಲವೋ, ಮೂವತ್ತೊಂದೋ.
ಪೊಟ್ಟಣದ ಕಾಗದದಲ್ಲಿ ಎಣ್ಣೆ ಹರಡುವುದನ್ನು
ಹನ್ನೊಂದು ನಿಮಿಷ ಹಿಡಿದೆ.

ನಾನು ಮದುವೆ ವಿಡಿಯೋದವನು.
ಕೌಲ್‌ಬಜಾರಿನಲ್ಲಿ ಅಂಗಡಿ.
ಧಾರೆಯ ಹೊತ್ತಿಗೆ ವಧುವಿನ ತಾಯಿಯ ಮುಖಕ್ಕೆ ಯಾವಾಗ ಹೋಗಬೇಕು,
ಊಟದ ಪಂಕ್ತಿಯಲ್ಲಿ ಯಾರನ್ನು ಬಿಡಬಾರದು,
ನನಗೆ ಗೊತ್ತಿರುವ ಸಿನಿಮಾ ಇಷ್ಟೇ.

ಅವನು ತೆಗೆದದ್ದು ನಲವತ್ಮೂರು ನಿಮಿಷ.
ಜೀನ್ಸ್ ತೊಳೆಯುವ ಶೆಡ್ಡುಗಳು, ಮೋರಿಯಲ್ಲಿ ನೀಲಿ ನೀರು,
ಮೊಣಕೈವರೆಗೆ ನೀಲಿಯಾದ ಹೆಂಗಸರು
ಆ ಕೈಯಲ್ಲೇ ರೊಟ್ಟಿ ಬಡಿಯುವುದು.
ಸಂಗೀತವಿಲ್ಲ, ವಿವರಣೆಯಿಲ್ಲ. ಒಬ್ಬ ಹುಡುಗ ಮಾತ್ರ ಕೇಳುತ್ತಾನೆ:
"ಅಣ್ಣಾ, ಇದು ಟೀವಿಯಾಗ ಬಂದ್ರ ನಮ್ಮನ್ನ ಕೆಲ್ಸದಿಂದ ತೆಗೀತಾರೇನು?"
ಆ ಪ್ರಶ್ನೆ ಕತ್ತರಿಸಬಹುದಿತ್ತು. ಕತ್ತರಿಸಲಿಲ್ಲ.
ತೆಗೆದರು.

ಒಂದೇ ಪ್ರದರ್ಶನ, ಹಾಸ್ಟೆಲಿನ ಗೋಡೆಗೆ ಬಿಳಿ ಪಂಚೆ ಕಟ್ಟಿ.
ಎರಡನೇ ದಿನ ಎಫ್‌ಐಆರ್: ಅತಿಕ್ರಮ ಪ್ರವೇಶ,
ಗುಂಪುಗಳ ನಡುವೆ ದ್ವೇಷ, ಸುಲಿಗೆಗೆ ಯತ್ನ.
ಸುಲಿಗೆಯಂತೆ!
ನನ್ನಿಂದ ಕಡ ಒಯ್ದ ಮೆಮೊರಿ ಕಾರ್ಡು
ಇನ್ನೂ ವಾಪಸು ಕೊಟ್ಟಿಲ್ಲ ಆಸಾಮಿ.

ಮಿಲ್ಲರ್‌ಪೇಟೆ, ಬಾಡಿಗೆ ಮಾಳಿಗೆ, ಮೇ ತಿಂಗಳು.
ಕಿಟಕಿಯಾಚೆ ಕೋಟೆಗುಡ್ಡ ಕಾದ ಹಂಚಿನಂತೆ ಕೂತಿದೆ.
"ಏ, ಕೋಟೆ ಯಾಕ ಹಿಡೀತಿ? ಪೋಸ್ಟ್‌ಕಾರ್ಡೇನು?
ಮುಖಕ್ಕ ಅಷ್ಟು ಬೆಳಕು ಬ್ಯಾಡ, ನಾ ಮದುಮಗನಲ್ಲ."
ಅವನನ್ನು ಚಿತ್ರಿಸುವುದೆಂದರೆ ಅವನಿಂದ ಬೈಸಿಕೊಳ್ಳುವುದು.
ಸುಂಕಮ್ಮ ನೀರಿಟ್ಟು ಬಾಗಿಲಾಚೆ ಸರಿದಳು:
"ನನ್ನ ಹಿಡೀಬ್ಯಾಡ. ಮನ್ಯಾಗ ಒಬ್ರು ಸಾಕು."

ಇಲ್ಲಿ ಒಂದು ಮಾತು ಹೇಳದೆ
ಈ ಚಿತ್ರ ಮುಂದೆ ಹೋಗದು.
ಅವನ ಎಡಿಟಿಂಗ್ ಕೋಣೆ ನನ್ನ ಅಂಗಡಿಯ ಎದುರಿಗೇ.
ಜಪ್ತಿಯ ಸಂಜೆ ಪೊಲೀಸರಿಗೆ ಪಂಚರು ಬೇಕಿತ್ತು.
ಒಬ್ಬ ಸೋಡಾ ಅಂಗಡಿಯ ಮಾಬುಸಾಬ.
ಇನ್ನೊಬ್ಬ ನಾನು.
'ಕಪ್ಪು ಬಣ್ಣದ ಕ್ಯಾಮೆರಾ ಒಂದು, ಹಾರ್ಡ್‌ಡಿಸ್ಕ್ ಎರಡು,
ಪಂಚರ ಸಮಕ್ಷಮ ವಶಪಡಿಸಿಕೊಳ್ಳಲಾಯಿತು.'
ಓದದೆ ಸಹಿ ಮಾಡಿದೆ ಎನ್ನಬಹುದು. ಓದಿದ್ದೆ.
ಲೆನ್ಸಿನ ನಂಬರು ತಪ್ಪಿತ್ತು,
ತಿದ್ದಿಸಿದ್ದೂ ನಾನೇ.

ಕ್ಯಾಮೆರಾ ಓಡುವಾಗಲೇ ಅವನಿಗೆ ಹೇಳಿಬಿಟ್ಟೆ.
ಮಿರ್ಚಿ ಕಚ್ಚಿ, ತೊಟ್ಟು ತಟ್ಟೆಯಂಚಿಗಿಟ್ಟು,
"ಗೊತ್ತೈತಲೇ. ಚಾರ್ಜ್‌ಶೀಟಿನಾಗ ನೋಡಿದೆ ನಿನ್ನ ಸಹಿ.
ದುಂಡಗ, ಲಗ್ನಪತ್ರಿಕಿ ಅಕ್ಷರದಂಗ.
ನಂಬರ್ ಸರಿ ಬರೆಸಿದ್ದು ಚಲೋ ಆತು,
ನಾಳೆ ಬಿಡಿಸ್ಕಳ್ಳಾಕ ಬೇಕಲ್ಲ."
ನಗುತ್ತಿದ್ದನೋ ಏನೋ.
ಅಲ್ಲಿ ಫೋಕಸ್ ತಪ್ಪಿದೆ. ನನ್ನ ಕೈ.

ಎದ್ದು ಸರಿಮಾಡಲು ಹೋದೆ, ಕಾಲು ತಾಗಿ ಸ್ಟ್ಯಾಂಡು ವಾಲಿತು.
ಅವನ ಕೈ ಥಟ್ಟನೆ ಮುಂದೆ ಬಂತು,
ಅರ್ಧಕ್ಕೇ ನಿಂತಿತು.
ಜಾಮೀನಿನ ಷರತ್ತು ನಾಲ್ಕು:
ಛಾಯಾಗ್ರಹಣದ ಯಾವುದೇ ಉಪಕರಣ ಮುಟ್ಟತಕ್ಕದ್ದಲ್ಲ.

ಬಿದ್ದ ಮೇಲೂ ಓಡುತ್ತಲೇ ಇತ್ತು ಕ್ಯಾಮೆರಾ.
ಅಡ್ಡಡ್ಡ ನೆಲ, ಎರಡು ಜೊತೆ ಬರಿಗಾಲು,
ಆಮೇಲೆ ಒಂದು ಸೀರೆಯಂಚು.
ಸುಂಕಮ್ಮ ಎತ್ತಿಕೊಂಡಳು. ಎಲ್ಲಿ ಕಣ್ಣಿಡಬೇಕೆಂದು ತಿಳಿಯದೆ
ಎದೆಗವಚಿಕೊಂಡು ನಿಂತಳು.
ಆ ಎರಡು ನಿಮಿಷ ನಾವಿಬ್ಬರೂ ಚಿತ್ರದಲ್ಲಿದ್ದೇವೆ.
ತಲೆಗಳು ಬಂದಿಲ್ಲ,
ವಗ್ಗಾಣಿ ತಟ್ಟೆ ಮಾತ್ರ ಸ್ಪಷ್ಟವಾಗಿದೆ.

"ಇದನ್ನ ಇಟ್ಕ," ಅಂದ ಎರ್ರಿಸ್ವಾಮಿ.
"ಉಳಿದದ್ದು ಬೇಕಾರ ತೆಗಿ."